ಮೆಣಸಿನಕಾಯಿ ಚೀಲದ ಚಪ್ಪರ

ಮೊನ್ನೆ ರಾಣೆಬೆನ್ನೂರಿನ ತವರಿಗೆ ಹೋದಾಗ ಹಿತ್ತಲ ಚಪ್ಪರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ. ಮಳೆ ಬಂದು ಹೋಗಿ ಬಿಸಿಲು ಬಿದ್ದಿತ್ತು. ಮೇಲಿನ ತಗಡು ಕಾಯತೊಡಗಿ ಸಣ್ಣಗೆ ಟಣಟಣ ಎನ್ನುತ್ತಿತ್ತು. ಎಲ್ಲಿಂದಲೋ ಒಂದೆಳೆ ಘಾಟು ಬಂದು ಮೂಗಿಗೆ ತಾಗಿತು, ಸೀನಿದೆ.

ಅಡುಗೆಮನೆಯಿಂದ ಅವ್ವನ ದನಿ ಬಂತು. "ಒಂದ ಸೀನಿದಿ ಏನು? ಇನ್ನೊಂದು ಸೀನು, ಒಂಟಿ ಬಿಡಬ್ಯಾಡ."

ಒಂಟಿ ಸೀನು ಅಪಶಕುನ, ಜೋಡಿ ಸೀನಿದರೆ ಚಿಂತೆಯಿಲ್ಲ ಎಂಬುದು ನಮ್ಮ ಮನೆಯ ಕಾಯಿದೆ. ಬರದ ಸೀನನ್ನು ಬಲವಂತದಿಂದ ಬರಿಸಿಕೊಂಡೆ. ಚಪ್ಪರ ಕಟ್ಟಿ ಇಪ್ಪತ್ತು ವರ್ಷವಾಗುತ್ತ ಬಂತು, ಇನ್ನೂ ಎಲ್ಲಿಯ ಘಾಟು, ಅದೆಲ್ಲ ನಿನ್ನ ತಲೆಯಲ್ಲಿದೆ ಎಂದು ನನ್ನ ಗಂಡ ನಗುತ್ತಾರೆ. ಇರಬಹುದು. ಆದರೆ ಆ ತಗಡಿನ ಕೆಳಗೆ ಕೂತಾಗಲೆಲ್ಲ ನನಗೆ ಆ ಒಂದು ಮಳೆಗಾಲ ನೆನಪಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ.

ಮೊಬೈಲು ಇನ್ನೂ ಮನೆಗೊಂದೇ ಇದ್ದ ಕಾಲ. ಹಾವೇರಿಗೆ ಸೊಸೆಯಾಗಿ ಹೋಗಿದ್ದ ನಾನು ಮೊದಲ ಸಲ ಬಸುರಿಯಾಗಿದ್ದೆ. ಅದೇ ಬೇಸಿಗೆಯಲ್ಲಿ ಅಪ್ಪ ಕುಮಾರಪಟ್ಟಣದ ಕಾರ್ಖಾನೆಯಿಂದ ನಿವೃತ್ತನಾಗಿದ್ದ. ಅಲ್ಲಿ ಮೂವತ್ತು ವರ್ಷ ಸ್ಟೋರು ನೋಡಿಕೊಂಡವನು. ಯಾವ ನಟ್ಟು ಯಾವ ಕಪಾಟಿನಲ್ಲಿದೆ, ಯಾವ ಬೋಲ್ಟು ಎಲ್ಲಿಂದ ಬಂತು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಅವನ ಪ್ರಕಾರ ಲೋಕದಲ್ಲಿ ಹಾಳಾದ ವಸ್ತು ಎಂಬುದೇ ಇರಲಿಲ್ಲ, ಯಾರೂ ಇನ್ನೂ ಕೇಳದ ವಸ್ತು ಇರುತ್ತಿತ್ತು ಅಷ್ಟೆ. ಮನೆಗೆ ಬಂದು ಕೂತ ಮೇಲೆ ಮೊದಲ ವಾರವೇ ಅವ್ವನ ಅಡುಗೆಮನೆಗೆ ನುಗ್ಗಿ, ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದ. ಅವ್ವ ಎರಡು ದಿನ ಜೀರಿಗೆ ಹುಡುಕಿ ಮೂರನೆಯ ದಿನ ಹುಚ್ಚೆದ್ದಳು. "ನೀವು ಕಾರ್ಖಾನಿಗೆ ವಾಪಸ್ ಹೋಗ್ರಿ, ಇಲ್ಲಾ ನಾ ನಮ್ಮವ್ವನ ಮನಿಗೆ ಹೋಗ್ತೇನಿ" ಎಂದಳಂತೆ.

ಅಪ್ಪ ಬಾಯಿಬಿಟ್ಟು ಹೇಳದಿದ್ದರೂ ನಮಗೆಲ್ಲ ಗೊತ್ತಿತ್ತು, ಅವನಿಗೆ ಮಾಡಲು ಒಂದು ಕೆಲಸ ಬೇಕಾಗಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ತನ್ನಿಂದ ಇನ್ನೂ ಏನೋ ಆಗುತ್ತದೆ ಎಂದು ಯಾರಾದರೂ ಒಪ್ಪಬೇಕಾಗಿತ್ತು.

ಕಾರಹುಣ್ಣಿಮೆ ಮುಗಿದ ಮೇಲೆ ಅಪ್ಪ ಅವ್ವ ನನ್ನ ಕುಬಸದ ದಿನ ಗೊತ್ತುಮಾಡಲು ಹಾವೇರಿಗೆ ಬಂದರು. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಉಣಿಸುವ ಕಾರ್ಯ ಅದು. ಅದನ್ನು ತವರಿನಲ್ಲೇ ಮಾಡುವುದೆಂದಾಯಿತು.

ನಮ್ಮ ಅತ್ತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಎತ್ತರದ ಆಳು, ಮಾತು ಕಡಿಮೆ. ನಮ್ಮ ಮದುವೆಯಲ್ಲಿ ಅವರು ಆಡಿದ್ದು ಒಂದೇ ಮಾತು, "ಸಾರು ತೆಳ್ಳಗ ಆಗೇತಿ" ಎಂದು. ಅವ್ವ ಅದನ್ನು ಇವತ್ತಿಗೂ ಮರೆತಿಲ್ಲ. ಅವರ ತವರು ಬ್ಯಾಡಗಿ ಎಂದಷ್ಟೇ ನನಗೆ ಗೊತ್ತಿತ್ತು. ಅವರ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಎಲ್ಲ ಮಾರಿ ದಿಕ್ಕಿಗೊಬ್ಬರಾಗಿದ್ದರು. ನಾಗರಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿಗೆ, ಹಬ್ಬದ ಜೋಕಾಲಿ ಆಡಲು ಕರೆದೊಯ್ಯಲು ಅವರವರ ಅಣ್ಣಂದಿರು ಬರುತ್ತಿದ್ದರು, ಅತ್ತೆಯನ್ನು ಕರೆಯಲು ಯಾರೂ ಬರುತ್ತಿರಲಿಲ್ಲ. ಆ ದಿನ ಅವರು ಬೇಗ ಮಲಗಿಬಿಡುತ್ತಿದ್ದರು.

ಅಂದು ನಾನು ಚಹಾ ತಂದಿಡುತ್ತಿರುವಾಗ ಅತ್ತೆ ಕೇಳಿದರು. "ಕುಬಸಕ್ಕ ಬಸುರಿನ್ನ ತೋಟದಾಗ ಕುಂದ್ರಿಸಿ ಉಣಸ್ತಾರ. ಹಸರ ನೋಡಕೋಂತ ಉಣ್ಣಬೇಕು. ನಿಮ್ಮದು ತೋಟ ಎಲ್ಲೆ ಐತ್ರಿ, ಬೀಗರ?"

ನಮಗೆ ತೋಟವೂ ಇಲ್ಲ, ಹೊಲವೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಅಪ್ಪನ ಮುಖ ಕೆಂಪಾಯಿತು.

"ಐತ್ರಿ," ಎಂದ. "ಮನಿ ಹಿಂದ ಐತಿ."

ಅವ್ವ ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡಳು. ಮನೆಯ ಹಿಂದೆ ಇದ್ದದ್ದು ಒಂದು ನಿಂಬೆ ಗಿಡ, ಒಂದು ಬಗ್ಗಿದ ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು.

ಮುಂದೆ ಆಷಾಢವಿದ್ದದ್ದರಿಂದ ನಾನೂ ಅವರ ಜೊತೆಗೇ ತವರಿಗೆ ಹೊರಟೆ. ಬಸ್ಸು ಹಾವೇರಿ ದಾಟುವವರೆಗೆ ಅವ್ವ ತಡೆದುಕೊಂಡಳು. ಆಮೇಲೆ ಶುರುವಾಯಿತು.

"ತೋಟ ಐತಿ ಅಂತ ಹೇಳಿ ಬಂದ್ರಿ. ಎಲ್ಲಿಂದ ತರ್ತೀರಿ?"

"ಇನ್ನೂ ಎರಡು ತಿಂಗಳೈತಿ. ಮಾಡ್ತೇನಿ."

"ಸುಮ್ನ ಒಂದು ಶಾಮಿಯಾನಾ ಹೇಳ್ರಿ. ಮರ್ಯಾದಿ ಉಳೀತೈತಿ."

"ಶಾಮಿಯಾನದ ಕೆಳಗ ಯಾರ್ನ ಬೇಕಾದ್ರೂ ಕುಂದ್ರಸ್ತಾರ," ಎಂದ ಅಪ್ಪ ಕಿಟಕಿಯ ಹೊರಗೆ ನೋಡುತ್ತ. "ನನ್ನ ಮಗಳನ್ನ ನಾ ಕಟ್ಟಿದ್ದರ ಕೆಳಗ ಕುಂದ್ರಸ್ತೇನಿ. ಅವ್ರು ನೋಡ್ಲಿ."

ಜೀವನದಲ್ಲಿ ಒಂದು ಮೊಳೆ ಹೊಡೆದವನಲ್ಲ ಅಪ್ಪ, ಹೊಡೆಯುವವರಿಗೆ ಮೊಳೆ ಕೊಟ್ಟವನು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಮರುದಿನದಿಂದ ಸಾಮಾನು ಬರಲು ಶುರುವಾಯಿತು. ಯಾರದೋ ಕೆಟ್ಟುಹೋದ ಬೋರಿನ ಕಬ್ಬಿಣದ ಪೈಪುಗಳು ಬಂದವು, ಅವು ಕಂಬವಾದವು. ಮುಚ್ಚಿಹೋದ ಒಂದು ಟಾಕೀಸಿನಿಂದ ಒಂದಕ್ಕೊಂದು ಅಂಟಿಕೊಂಡ ಮೂರು ಕುರ್ಚಿಗಳ ಒಂದು ಸಾಲು ಬಂತು, ಬೆನ್ನಿಗೆ ನಂಬರು ಬರೆದದ್ದು, ಎದ್ದರೆ ಫಟ್ಟನೆ ತಾನೇ ಮೇಲಕ್ಕೆ ಮಡಚಿಕೊಳ್ಳುವಂಥದ್ದು. ಅದನ್ನು ಕಂಡು ಅವ್ವ ಅಂದಳು, "ಪಡದೆ ಒಂದ ಕಡಿಮಿ ನೋಡ್ರಿ."

ಒಂದು ಶನಿವಾರ ಅಪ್ಪ ಕದರಮಂಡಲಗಿ ಹನುಮಪ್ಪನಿಗೆ ಹೋಗಿ ಬ್ಯಾಡಗಿಯ ಮೇಲೆ ಬರುವಾಗ ಟೆಂಪೋದಲ್ಲೇ ಬಂದಿಳಿದ. ಅಲ್ಲಿ ಮೆಣಸಿನಕಾಯಿ ಇಡುವ ಹಳೆಯ ವಖಾರಿಗಳ ಒಂದು ಸಾಲನ್ನು ಕೆಡವುತ್ತಿದ್ದರಂತೆ. ಅಂಗೈ ದಪ್ಪದ ಸಾಗವಾನಿ ಹಲಗೆ, ತೊಲೆ, ಇನ್ನೂ ತೂತು ಬೀಳದ ತಗಡು, ಒಂದು ದೊಡ್ಡ ಕಟ್ಟು ಖಾಲಿ ಗೋಣಿಚೀಲ. ಆ ದಿನ ಅಪ್ಪನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನ ಹಾಗಿತ್ತು.

ಕೆಲಸಕ್ಕೆ ಜೊತೆಯಾದವರು ಹಿಂದಿನ ಓಣಿಯ ಬಡಿಗ ಮೌಲಾಸಾಬ್ ಕಾಕಾ. ಮೊಣಕಾಲು ನೋವೆಂದು ಕೆಲಸ ಬಿಟ್ಟು ಮನೆಯಲ್ಲಿ ಕೂತವರು. ನೋಡಿ ಹೋಗಲು ಬಂದವರು ಅಪ್ಪ ಗರಗಸ ಹಿಡಿದ ರೀತಿಗೆ ಹೆದರಿ ನಿಂತುಬಿಟ್ಟರು.

"ಬಸಣ್ಣ, ಹಂಗ ಹಿಡದ್ರ ಕಟಗಿ ಬ್ಯಾಡ, ನಿಮ್ಮ ಕಾಲ ಹೋಗ್ತೈತಿ. ತರ್ರಿ ಇಲ್ಲೆ."

ಆಮೇಲೆ ಅವರ ಮೊಣಕಾಲು ನೋವಿನ ಸುದ್ದಿಯನ್ನೇ ನಾವು ಕೇಳಲಿಲ್ಲ. ಹಳೆಯ ಹಲಗೆಗೆ ಅದರದೇ ಹಳೆಯ ಮೊಳೆ ಒಗ್ಗುತ್ತದೆ, ಹೊಸದು ಸೀಳುತ್ತದೆ ಎಂದು ಅವರ ಹಟ. ಹಾಗಾಗಿ ಕಿತ್ತ ಮೊಳೆಗಳನ್ನೆಲ್ಲ ನೆಟ್ಟಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಣೆಯ ಮೇಲೆ ಕೂತು, ಕಲ್ಲಿನ ಮೇಲೆ ಮೊಳೆ ಇಟ್ಟು, ಸಣ್ಣ ಸುತ್ತಿಗೆಯಿಂದ ಕುಟ್ಟುತ್ತಿದ್ದೆ. "ಬಸುರಿ ಕೈಯಾಗ ಸುತ್ತಗಿ ಕೊಟ್ಟಾರ ನೋಡ್ರೆವ್ವಾ" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು, ಬೈಯುತ್ತಲೇ ನನ್ನ ಬೆನ್ನಿಗೆ ದಿಂಬು ತಂದಿಡುತ್ತಿದ್ದಳು. ಹೊಟ್ಟೆಯೊಳಗಿನ ಮಗಳು ಪ್ರತಿ ಏಟಿಗೂ ಒಮ್ಮೆ ಒದೆಯುತ್ತಿದ್ದಳು. ಅಷ್ಟು ಸುಖವಾಗಿ ನಾನು ಮತ್ತೆಂದೂ ಯಾವ ಕೆಲಸವನ್ನೂ ಮಾಡಿಲ್ಲ.

ಆ ವರ್ಷ ಜಿಟಿಜಿಟಿ ಮಳೆ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಹಿತ್ತಲೆಲ್ಲ ಕರಿ ಕೆಸರು, ಒಳಗೆಲ್ಲ ಒಣಗದ ಬಟ್ಟೆಯ ವಾಸನೆ. ಅಪ್ಪ ಕಂಬ ನಿಲ್ಲಿಸಿದ ದಿನವೇ ಬುಡಕ್ಕೆ ಹೀರೆ, ಅವರೆ ಬೀಜ ಹಾಕಿದ್ದ. ಮಳೆಗೆ ಬಳ್ಳಿಗಳು ಓಡಿಓಡಿ ಹಬ್ಬಿದವು. ತಗಡು ಹೊದಿಸುವಷ್ಟರಲ್ಲಿ ಹೀರೆಬಳ್ಳಿ ಮೇಲೆ ಹತ್ತಿ ಹಳದಿ ಹೂ ಬಿಟ್ಟಿತ್ತು.

ತಗಡಿನ ಮೇಲೆ ಮಳೆ ಬಿದ್ದರೆ ಕೆಳಗೆ ಕೂತವರ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಹೂಡಿದ. ಗೋಣಿಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು, ತಗಡಿನ ಕೆಳಗೆ ಒಳಚಾವಣಿ ಮಾಡುವುದು. ಬಿಸಿಲಿಗೂ ತಂಪು, ಸದ್ದಿಗೂ ತಡೆ.

"ಮೊದಲ ಆ ಚೀಲಾ ಒಗೀರಿ," ಎಂದಳು ಅವ್ವ.

"ಈ ಮಳ್ಯಾಗ ಒಗದ್ರ ಒಣಗೂದು ಯಾವಾಗ? ಅಲ್ಲಾ, ಅವು ಬ್ಯಾಡಗಿ ಕಾಯಿ ಚೀಲ. ಬ್ಯಾಡಗಿ ಕಾಯಿ ಬರೇ ಬಣ್ಣ. ಅದರಾಗ ಖಾರ ಎಲ್ಲೆ ಐತಿ?"

ಆ ಮಾತಿಗೆ ನಮ್ಮ ಕಡೆಯವರು ಯಾರೂ ಎದುರಾಡುವುದಿಲ್ಲ. ಸಾರಿಗೆ ಕೆಂಪು ಬರಲಿ ಎಂದು ನಾವು ಹಿಡಿಹಿಡಿ ಬ್ಯಾಡಗಿ ಕಾಯಿ ಹಾಕುವವರು, ಮಕ್ಕಳಿಗೂ ಅದೇ ಸಾರು ಕಲಸಿ ಉಣಿಸುವವರು. ಮೌಲಾಸಾಬ್ ಕಾಕಾ ಕೂಡ "ಖರೇ ಐತಿ" ಎಂದು ತಲೆಯಾಡಿಸಿದರು. ಚೀಲ ಹೊಲಿಯುವಾಗ ಅಪ್ಪ ನಾಲ್ಕು ಸಲ ಸೀನಿದ. ನೆಗಡಿಯೆಂದು ಅವ್ವ ಕಷಾಯ ಕಾಸಿಕೊಟ್ಟಳು.

ಶ್ರಾವಣ ಬಂತು. ಪಂಚಮಿ ಮುಗಿದು ಐದಾರು ದಿನಕ್ಕೆ ಕುಬಸ. ಹಿಂದಿನ ಸಂಜೆಯವರೆಗೂ ಮಳೆ. ಅವ್ವ ಗುಟ್ಟಾಗಿ ಶಾಮಿಯಾನದವನಿಗೂ ಹೇಳಿಟ್ಟಿದ್ದಾಳೆಂದು ನನಗೆ ಗೊತ್ತಿತ್ತು, ಅಪ್ಪನಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹದಿನೈದು ದಿನದಿಂದ ಕಾಣದ ಸೂರ್ಯ ಬಂದು ಕೂತಿದ್ದಾನೆ. ಅಪ್ಪ ಹೊಸ ಧೋತರ ಉಟ್ಟು ಚಪ್ಪರದ ಕೆಳಗೆ ಒಂದು ಸುತ್ತು ಹಾಕಿದ, ಕಂಬಗಳನ್ನು ಮುಟ್ಟಿಮುಟ್ಟಿ ನೋಡಿದ. ನಿಜಕ್ಕೂ ಚಂದವಾಗಿತ್ತು. ಸುತ್ತ ಹಸಿರು, ನಡುವೆ ನೆರಳು, ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ, ಟಾಕೀಸಿನ ಕುರ್ಚಿಗಳಿಗೆ ಅವ್ವನ ಇಳಕಲ್ ಸೀರೆ ಹೊದಿಸಿದ್ದೆವು.

ಬೀಗರು ಬಂದರು. ಅತ್ತೆ ಒಳಗೆ ಕಾಲಿಟ್ಟು ಸುತ್ತ ನೋಡಿದರು, ಮೇಲೆ ನೋಡಿದರು. ನಡುವಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಬಲಗಡೆ ಅವರು ಕೂತರು. ಅಪ್ಪ ದೂರದಲ್ಲಿ ನಿಂಬೆ ಗಿಡದ ಹತ್ತಿರ ನಿಂತು ಅವರ ಮುಖವನ್ನೇ ನೋಡುತ್ತಿದ್ದ.

ಉಡಿ ತುಂಬುವಾಗ ಹೊತ್ತು ಏರಿತ್ತು. ತಗಡು ಕಾದಿತ್ತು, ಅದರ ಕೆಳಗಿನ ಚೀಲ ಗರಿಗರಿಯಾಗಿ ಒಣಗಿತ್ತು. ಓಣಿಯ ಗಂಗವ್ವ ಸೋಬಾನ ಎತ್ತಿಕೊಂಡಳು. ಆಗ ದಕ್ಷಿಣದಿಂದ ಒಂದು ಗಾಳಿ ಬಂದು ಚೀಲಗಳನ್ನು ಎತ್ತಿ ಕೊಡವಿತು.

ಗಂಗವ್ವ ಹಾಡು ನಿಲ್ಲಿಸಿ ಸೀನಿದಳು. ಒಂದೇ ಸೀನು.

ಎಲ್ಲರೂ ಕಲ್ಲಾದರು. ಉಡಿ ತುಂಬುವ ಹೊತ್ತಿನಲ್ಲಿ ಒಂಟಿ ಸೀನು! ಅವ್ವ ಎತ್ತಿದ್ದ ಆರತಿ ತಟ್ಟೆಯನ್ನು ಕೆಳಗಿಳಿಸಿದಳು. ಅಷ್ಟರಲ್ಲಿ ಪಕ್ಕದವಳು ಸೀನಿದಳು, "ಜೋಡಿ ಆತು, ಜೋಡಿ ಆತು" ಎಂದು ಎಲ್ಲರೂ ಉಸಿರು ಬಿಟ್ಟರು. ಉಸಿರು ಬಿಟ್ಟವರು ಮತ್ತೆ ಎಳೆದುಕೊಳ್ಳಬೇಕಲ್ಲ, ಎಳೆದುಕೊಂಡರು. ಆಮೇಲೆ ಮೂರನೆಯವಳು, ನಾಲ್ಕನೆಯವಳು, ನಾನು, ಅವ್ವ. ಒಂಟಿಯೋ ಜೋಡಿಯೋ ಎಣಿಸುವವರೇ ಉಳಿಯಲಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಸೆರಗು ಬಾಯಿಗೆ. "ಬಸುರಿನ್ನ ಮೊದಲ ಒಳಗ ಕರಕೊಂಡು ಹೋಗ್ರಿ!" ಎಂದು ಯಾರೋ ಕೂಗಿದರು. ನಾನೆದ್ದದ್ದಕ್ಕೆ ಕುರ್ಚಿ ಫಟ್ಟನೆ ಮಡಚಿಕೊಂಡಿತು. ಎಲ್ಲರೂ ಒಬ್ಬರನ್ನೊಬ್ಬರು ತಳ್ಳುತ್ತ ಹಿತ್ತಲ ಬಾಗಿಲಿಗೆ ಓಡಿದೆವು.

ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು ತಿರುಗಿ ನೋಡಿದೆ. ಅತ್ತೆ ಅಲ್ಲೇ ಕೂತಿದ್ದರು. ಸೀನಿರಲಿಲ್ಲ. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಉಸಿರು ಎಳೆದುಕೊಳ್ಳುತ್ತಿದ್ದರು.

ಅಪ್ಪ ನಿಂಬೆ ಗಿಡದ ಹತ್ತಿರ ಟವೆಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಅವನ ಕಣ್ಣಲ್ಲಿದ್ದದ್ದು ಬರೀ ಘಾಟಿನ ನೀರಲ್ಲ ಎಂದು ನನಗೆ ಗೊತ್ತಾಯಿತು. ಎರಡು ತಿಂಗಳ ಕೆಲಸ, ಊರ ಮುಂದೆ, ಬೀಗರ ಮುಂದೆ ಹೀಗಾಯಿತಲ್ಲ ಎಂದು ನನಗೆ ಅವನ ಮುಖ ನೋಡಲಾಗಲಿಲ್ಲ.

"ಬೀಗರ, ಇಲ್ಲೆ ಬರ್ರಿ," ಎಂದರು ಅತ್ತೆ ಕಣ್ಣು ತೆರೆದು. ಅಪ್ಪ ಹೋಗಿ ಕಂಬದ ಹತ್ತಿರ ನಿಂತ. "ಈ ಚೀಲಾ ಎಲ್ಲಿವು?"

"ಬ್ಯಾಡಗಿವ್ರಿ. ಬ್ಯಾಡಗಿ ಕಾಯಿ ಖಾರ ಇರೂದಿಲ್ಲ ಅಂತ ನಾ..."

"ಇದು ಬ್ಯಾಡಗಿ ಕಾಯಿ ಅಲ್ಲ. ಗುಂಟೂರು ಕಾಯಿ ಚೀಲಾನೂ ಇದರಾಗ ಬೆರ್ತಾವು. ಬ್ಯಾಡಗಿ ಪ್ಯಾಟಿಗೆ ಎಲ್ಲಾ ಕಡಿಯಿಂದೂ ಕಾಯಿ ಬರ್ತೈತಿ." ಆಮೇಲೆ ಕೇಳಿದರು, "ಬ್ಯಾಡಗಿಯಾಗ ಎಲ್ಲೆ ತಂದ್ರಿ?"

"ಹಳೇ ವಖಾರಿ ಸಾಲ ಇತ್ತಲ್ರಿ, ಅದನ್ನ ಕೆಡವಾಕತ್ತಿದ್ರು."

"ಮುಂದ ಬೇವಿನ ಗಿಡ ಇತ್ತೇನು?"

"ಇತ್ರಿ. ಗಿಡ ಹಂಗ ಬಿಟ್ಟಾರ."

"ಗಿಡದ ಎದರಿಂದು ನಮ್ಮ ಅಪ್ಪಂದು."

ಅಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎಲ್ಲಾ ಕೆಡವ್ಯಾರ್ರಿ," ಎಂದ ಮೆಲ್ಲಗೆ. "ಒಂದೂ ಬಿಟ್ಟಿಲ್ಲ."

ಅತ್ತೆ ಎದ್ದು, ಮೇಲಿನ ತೊಲೆಯ ಮೇಲೆ ಕೈಯಾಡಿಸಿದರು. ಎತ್ತರದವರಾದ್ದರಿಂದ ಎಟುಕಿತು. "ಇದರಾಗ ನಮ್ಮದು ಯಾವುದು?"

ಮೂವತ್ತು ವರ್ಷ ಪ್ರತಿ ಬೋಲ್ಟಿನ ಜಾತಕ ಹೇಳಿದ ನನ್ನ ಅಪ್ಪ ತಲೆ ತಗ್ಗಿಸಿದ. "ಗೊತ್ತಿಲ್ರಿ. ಎಲ್ಲಾ ಒಂದ ಗುಡ್ಡಿ ಹಾಕಿದ್ರು."

"ಹಂಗಾರ ಯಾವುದರ ಒಂದು ನಮ್ಮದ ಇರಬೇಕು," ಎಂದರು ಅತ್ತೆ. ಆಮೇಲೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವವರ ಹಾಗೆ: "ನನ್ನ ಕುಬಸಾ ವಖಾರಿಯಾಗ ಮಾಡಿದ್ರು. ಮನಿ ಸಣ್ಣದಿತ್ತು. ಚೀಲಾ ಸರಿಸಿ ನನ್ನ ಕುಂದ್ರಿಸಿದ್ರು. ಒಬ್ಬರೂ ಸೀನಲಿಲ್ಲ, ಎಲ್ಲಾರೂ ಬ್ಯಾಡಗಿಯವ್ರ. ನಮ್ಮತ್ತಿ ಒಬ್ಬಾಕಿ ಸೀನಿದ್ಲು. ಸೀನಿ ಕೇಳಿದ್ಲು, ನಿಮ್ಮದು ತೋಟ ಎಲ್ಲೆ ಐತಿ ಅಂತ."

ಅತ್ತೆ ಆ ಮಾತನ್ನು ಅಲ್ಲಿಗೇ ಬಿಟ್ಟರು. ಬಾಗಿಲ ಕಡೆ ತಿರುಗಿ, ನಾನು ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ ಹೆಂಗಸರನ್ನು ಕರೆದರು.

"ಯಾಕ ಅಲ್ಲೆ ನಿಂತೀರಿ? ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದಾಗ ಘಾಟು ಬಂದ್ರ ಏನರ್ಥ? ದೃಷ್ಟಿ ಆಗಿಲ್ಲ ಅಂತ. ಇಷ್ಟ ಘಾಟು ಬಂದೈತಿ, ನನ್ನ ಸೊಸಿಗೆ ಯಾರ ಕಣ್ಣೂ ಬಿದ್ದಿಲ್ಲ. ಚೀಲಾ ಬಿಚ್ಚಿಸ್ರಿ, ಆರತಿ ಇಲ್ಲೇ ಆಗಬೇಕು."

ಅಂಥ ತೀರ್ಪಿನ ಮೇಲೆ ಯಾರು ಏನು ಹೇಳುತ್ತಾರೆ? ಗಂಗವ್ವ ಮೊದಲು ನಕ್ಕಳು, ಆಮೇಲೆ ಓಣಿಯೇ ನಕ್ಕಿತು. ಮೌಲಾಸಾಬ್ ಕಾಕಾ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಹತ್ತಿ ಚೀಲ ಇಳಿಸಿದರು. ಅವ್ವ ಕೊಡಗಟ್ಟಲೆ ನೀರು ಹಾಕಿ ಹಲಗೆ ತೊಳೆದಳು. ಮಧ್ಯಾಹ್ನ ಹೀರೆಬಳ್ಳಿಯ ನೆರಳಲ್ಲಿ ನನಗೆ ಆರತಿಯಾಯಿತು. ಹೋಳಿಗೆಯ ಜೊತೆ ಬಡಿಸಿದ ಸಾರನ್ನು ಅತ್ತೆ ಎರಡು ಸಲ ಹಾಕಿಸಿಕೊಂಡರು. ಅವ್ವ ಅದನ್ನೂ ಮರೆತಿಲ್ಲ.

ದಸರೆಯ ಹೊತ್ತಿಗೆ ಮಗಳು ಹುಟ್ಟಿದಳು. ಐದು ತಿಂಗಳು ತುಂಬಿಸಿಕೊಂಡು ನಾನು ಹಾವೇರಿಗೆ ಮರಳಿದೆ. ಅಪ್ಪ ಆಮೇಲೆ ಅಡುಗೆಮನೆಗೆ ಕಾಲಿಡಲಿಲ್ಲ, ದಿನವೆಲ್ಲ ಚಪ್ಪರದಲ್ಲೇ. ಓಣಿಯವರು ಮುರಿದ ಕುರ್ಚಿ, ಸೋರುವ ಕೊಡ ಹಿಡಿದು ಅಲ್ಲಿಗೇ ಬರುತ್ತಿದ್ದರು.

ಮುಂದಿನ ಶ್ರಾವಣ. ನನಗೆ ಅಣ್ಣತಮ್ಮಂದಿರಿಲ್ಲ, ಪಂಚಮಿಗೆ ಕರೆಯಲು ಅಪ್ಪನೇ ಬರಬೇಕು. ಬಂದ, ಉಂಡಿಯ ಡಬ್ಬಿ ಹಿಡಿದುಕೊಂಡು. ಅತ್ತೆಯ ಮುಂದೆ ಕೂತು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಗಿರಿಜಾನ್ನ ಕರಕೊಂಡು ಹೋಗಾಕ ಬಂದೇನ್ರಿ. ಮತ್ತ... ನಿಮ್ಮನ್ನೂ."

"ನನ್ನ ಯಾಕ?"

"ಪಂಚಮಿ ಅಲ್ರೀ," ಎಂದ ಅಪ್ಪ ನೆಲ ನೋಡುತ್ತ. "ನಿಮ್ಮ ವಖಾರಿ ಹಲಗಿ ನಮ್ಮ ಮನ್ಯಾಗ ಅದಾವು. ಜೋಕಾಲಿ ಕಟ್ಟೇನಿ."

ಅತ್ತೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸಿಟ್ಟಾದರು ಎಂದುಕೊಂಡೆ. ಬಂದಾಗ ಕೈಯಲ್ಲಿ ಒಂದು ಬಟ್ಟೆಬರೆಯ ಚೀಲವಿತ್ತು, ಪೆಟ್ಟಿಗೆಯ ತಳದಲ್ಲಿದ್ದ ಕೆಂಪು ಸೀರೆ ಉಟ್ಟಿದ್ದರು.

ಚಪ್ಪರದ ನಡುವಿನ ತೊಲೆಗೆ ಹಗ್ಗ ಬಿಗಿದಿತ್ತು, ಕೂರಲು ಒಂದು ಸಾಗವಾನಿ ಹಲಗೆ. ಮೌಲಾಸಾಬ್ ಕಾಕಾ ಅದನ್ನು ನುಣುಪು ಮಾಡಲು ಹೊರಟಾಗ ಅಪ್ಪ ಬೇಡವೆಂದಿದ್ದನಂತೆ. ಅರವತ್ತು ದಾಟಿದ ಅತ್ತೆ ಹಗ್ಗ ಹಿಡಿದು ನಿಂತರು.

"ತಡೀತೈತೇನ್ರಿ ಬೀಗರ?"

"ನಾ ಕಟ್ಟಿದ್ದೈತ್ರಿ," ಎಂದ ಅಪ್ಪ. ಆದರೂ ಹೋಗಿ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಅತ್ತೆ ಕೂತರು. ಅವ್ವ ಹಿಂದೆ ನಿಂತು ಮೆಲ್ಲಗೆ ತೂಗಿದಳು. ತೊಲೆ ಒಮ್ಮೆ ಕಿರ್ರೆಂದು ಸುಮ್ಮನಾಯಿತು. "ಇನ್ನೊಂದೀಟ ಜೋರ ತೂಗವಾ," ಎಂದರು. ಅವ್ವ ಜೋರಾಗಿ ತೂಗಿದಳು. ಕೆಂಪು ಸೆರಗು ಹೀರೆಬಳ್ಳಿಗೆ ತಾಗಿ ಬಂತು. ಮೂರನೆಯದೋ ನಾಲ್ಕನೆಯದೋ ಸಲ ಹಿಂದೆ ಬಂದಾಗ ಅತ್ತೆ ಒಂದು ಕೈ ಬಿಟ್ಟು ಸೆರಗಿನಿಂದ ಕಣ್ಣೊತ್ತಿಕೊಂಡರು.

"ಘಾಟು ಭಾಳ ಐತಿ," ಎಂದರು.

ಚೀಲ ಬಿಚ್ಚಿ ಒಂದು ವರ್ಷವಾಗಿತ್ತು. ಅಲ್ಲಿದ್ದ ನಾವು ಯಾರೂ ಸೀನಿರಲಿಲ್ಲ. ಅಪ್ಪ ಕಂಬ ಬಿಡದೆ ತಲೆಯಾಡಿಸಿದ.

"ಹೌದ್ರಿ," ಎಂದ. "ಎಷ್ಟ ತೊಳದ್ರೂ ಹೋಗವಲ್ದು."